ಕೇಳಲಾರದ ಅಪ್ಪಣೆ

ಡೆಸ್ಪಿನಾಳ ಮೂಳೆಗಳು ಅವಳಿಗಿಂತ ಮೊದಲೇ ಮುದಿಯಾದವು. ಡ್ಯಾನ್ಯೂಬ್ ನದಿ ಕಪ್ಪು ಸಮುದ್ರವನ್ನು ಸೇರುವ ಸೀಮೆಯ ಹಳ್ಳಿಯವಳು. ವಯಸ್ಸು ಇನ್ನೂ ನಲವತ್ತು ಮುಟ್ಟಿರಲಿಲ್ಲ. ಕೈಗೂಸಾಗಿದ್ದಾಗ ಆಸ್ಪತ್ರೆಯೊಂದರಲ್ಲಿ ಹಲವು ಮಕ್ಕಳಿಗೆ ಚುಚ್ಚಿದ ಒಂದೇ ಸೂಜಿ ಅವಳ ರಕ್ತದಲ್ಲಿ ಎಚ್‌ಐವಿಯನ್ನು ಬಿಟ್ಟುಹೋಗಿತ್ತು. ಹೆತ್ತವರು ಮತ್ತೆ ಆ ಕಡೆ ಸುಳಿಯಲಿಲ್ಲ. ಅಲ್ಲಿ ನೆಲ ಒರೆಸುತ್ತಿದ್ದ ತುದೊರಾ, "ಸಾಯೋದೇ ಆದ್ರೆ ನನ್ನ ಮಡಿಲಲ್ಲಿ ಸಾಯ್ಲಿ" ಎಂದು ಕೂಸನ್ನು ಮನೆಗೆ ತಂದಳು. ಕರುಣಾಳುವಾದ ಪ್ರಭು ಆ ಮಡಿಲನ್ನು ಬರಿದು ಮಾಡಲಿಲ್ಲ. ಔಷಧಿಗಳು ಬಂದವು, ಮಗು ಬದುಕಿತು. ಊರವರಿಗೆ ಮಾತ್ರ ತಾಯಿಮಗಳು ಹೇಳಿದ್ದು ಒಂದೇ ಮಾತು: ರಕ್ತ ಕಡಿಮೆ.

ಈಗ ತುದೊರಾ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಳು. ಅವಳನ್ನು ಎತ್ತಿ ಕೂರಿಸುವುದು, ತೊಳೆಯುವುದು, ಮಗ್ಗುಲು ಬದಲಾಯಿಸುವುದು ಎಲ್ಲವೂ ಡೆಸ್ಪಿನಾಳ ಪಾಲು. ಆ ಚಳಿಗಾಲದಲ್ಲಿ ಬಾಗಿಲು ಎಳೆಯುವಾಗ ಅವಳ ಮಣಿಕಟ್ಟು ಮುರಿಯಿತು. ಪಟ್ಟಣದ ಡಾಕ್ಟರ್ ಕೊರ್ನೆಲಿಯಾ ಮೂಳೆಯ ಚಿತ್ರ ತೆಗೆಸಿದರು.

"ಮೂಳೆ ತುಂಬ್ಕೊಳ್ಳೋ ವಯಸ್ಸಲ್ಲೇ ಕಾಯಿಲೆ ಮೈಯಲ್ಲಿತ್ತಲ್ಲ ತಾಯಿ. ಜೀವ ಉಳಿಸಿದ ಹಳೇ ಮಾತ್ರೆಗಳೂ ಒಂದಿಷ್ಟು ತಿಂದುಹಾಕಿವೆ. ಬೇರೆ ಮಾತ್ರೆ ಬರ್ದಿದ್ದೀನಿ. ಹಾಲು, ಮೊಸರು, ಚೀಸ್ ತಪ್ಪಿಸ್ಬೇಡ. ಭಾರ ಎತ್ತಲೇಬೇಡ."

"ಅಮ್ಮನ್ನ?"

"ಅಮ್ಮನೂ ಭಾರವೇ ಅಲ್ವೇನೇ?"

"ಅದನ್ನ ನೀವೇ ಅವಳಿಗೆ ಹೇಳಿ ಡಾಕ್ಟ್ರೇ. ನಾನು ಹೇಳಿದ್ರೆ ಬೈಸ್ಕೋತೀನಿ" ಎಂದು ನಕ್ಕಳು ಡೆಸ್ಪಿನಾ. ಡಾಕ್ಟರ್ ನಗಲಿಲ್ಲ.

ಅಷ್ಟರಲ್ಲಿ ಈಸ್ಟರಿನ ಮುಂಚಿನ ದೊಡ್ಡ ಉಪವಾಸ ಬಂತು. ಮಾಂಸ, ಮೊಟ್ಟೆ, ಹಾಲು ಒಂದನ್ನೂ ಮುಟ್ಟುವಂತಿಲ್ಲ. ಕಾಯಿಲೆಯವರಿಗೆ ಪಾದ್ರಿಗಳು ಹಾಲು ಕುಡಿಯಲು ಅಪ್ಪಣೆ ಕೊಡುತ್ತಾರೆ. ಕ್ರೈಸ್ತ ಸಭೆಗೆ ಅಷ್ಟು ಕರುಣೆಯುಂಟು. ಆದರೆ ಅಪ್ಪಣೆ ಬೇಡುವವಳು ಕಾಯಿಲೆ ಯಾವುದೆಂದು ಹೇಳಬೇಕಲ್ಲ! ರಕ್ತ ಕಡಿಮೆ ಎಂಬ ಹಳೇ ಸುಳ್ಳನ್ನು ಪಾದ್ರಿಯೆದುರು ಹೇಳಲು ಅವಳಿಗೆ ಧೈರ್ಯವಿಲ್ಲ. ಪಾದ್ರಿ ಕೇಳದಿದ್ದರೂ ಪಾದ್ರಿಯ ಹೆಂಡತಿ ಕೇಳದೆ ಬಿಡುವವಳಲ್ಲ. ಅಪ್ಪಣೆಯಿಲ್ಲದೆ ಕದ್ದು ಕುಡಿಯೋಣವೆಂದರೆ ಮನಸ್ಸಾಕ್ಷಿ ಒಪ್ಪಲಿಲ್ಲ. ಹುರುಳಿಕಾಯಿ ಸಾರು, ಮೆಕ್ಕೆಜೋಳದ ಮುದ್ದೆ ಉಂಡು ಅವಳು ಉಪವಾಸ ನಡೆಸಿದಳು. ಭಕ್ತಿಯೋ ಭಯವೋ, ಬಲ್ಲವನು ಪ್ರಭು ಒಬ್ಬನೇ.

ಬೇಲಿಯಾಚೆಯ ಸಾಫ್ತಾ ಗಟ್ಟಿಮುಟ್ಟಾದ ಹೆಂಗಸು. "ಏನೇ ಡೆಸ್ಪಿನಾ, ಮುರಿದ ಕೈಯಲ್ಲಿ ಆ ಮುದುಕೀನ ಹೆಂಗೆ ಎತ್ತೀಯೇ? ನಾನು ಬರ್ತೀನಿ ಬಿಡು."

"ಬೇಡ ಸಾಫ್ತಕ್ಕ. ಅವಳು ಬೇರೆಯವರು ಮುಟ್ಟಿದ್ರೆ ಕಿರುಚ್ತಾಳೆ."

ಅದು ಸುಳ್ಳು. ಲಕ್ವದ ನಂತರ ತುದೊರಾಳ ನಾಲಿಗೆಗೆ ಕಡಿವಾಣ ತಪ್ಪಿತ್ತು. "ಸೂಜಿ ಚುಚ್ಚಿದ್ರು ನನ್ನ ಮಗೂಗೆ, ಏಡ್ಸ್ ತುಂಬಿದ್ರು" ಎಂದು ಬಂದವರೆದುರು ಬಡಬಡಿಸಿದರೆ ಗತಿಯೇನು? ಬಾಗಿಲು ಮುಚ್ಚಿಟ್ಟರೆ ಬೆನ್ನು ಮುರಿಯುತ್ತದೆ. ತೆರೆದರೆ ಮಾನ ಹೋಗುತ್ತದೆ. ಡೆಸ್ಪಿನಾ ಮುಚ್ಚಿಯೇ ಇಟ್ಟಳು.

ಶುಭ ಶುಕ್ರವಾರ ಬೆಳಿಗ್ಗೆ ತಾಯಿಯನ್ನು ಎತ್ತುತ್ತಿದ್ದಂತೆ ಬೆನ್ನೊಳಗೆ ಏನೋ ಕುಸಿದಂತಾಯಿತು. ಇಬ್ಬರೂ ನೆಲಕ್ಕೆ ಬಿದ್ದರು. ಸದ್ದು ಕೇಳಿ ಸಾಫ್ತಾ ಬಾಗಿಲು ದೂಡಿಕೊಂಡು ಬಂದಳು. ತುದೊರಾ ಬಿದ್ದಲ್ಲಿಂದಲೇ ಕೂಗಿದಳು: "ಸೂಜೀನೇ ಮಾಡಿದ್ದು! ನನ್ನ ಮಗೂಗೆ ಏಡ್ಸ್ ತುಂಬಿದ್ದು!"

ಡೆಸ್ಪಿನಾ ಕಣ್ಣು ಮುಚ್ಚಿದಳು.

"ಸುಮ್ನಿರು ಮುದುಕಿ, ಗೊತ್ತು" ಎಂದಳು ಸಾಫ್ತಾ, ಅವಳ ಕಂಕುಳಿಗೆ ಕೈಕೊಡುತ್ತ. "ನೀನು ಆಸ್ಪತ್ರೆಯಿಂದ ಕೂಸು ತಂದಾಗ್ಲೇ ಊರಿಗೆಲ್ಲ ಗೊತ್ತು. ನೀವು ಮುಚ್ಚಿಟ್ಟಿದ್ರಿ, ನಾವೂ ಬಾಯಿ ಬಿಡ್ಲಿಲ್ಲ."

"ಪಾದ್ರಿಗಳಿಗೂ ಗೊತ್ತಾ?" ಎಂದಳು ಡೆಸ್ಪಿನಾ.

"ಅವ್ರಿಗೂ ಕಣೇ."

ಡೆಸ್ಪಿನಾಳಿಗೆ ಅಳಬೇಕೆನಿಸಿತು, ಬಿಕ್ಕಿದರೆ ಬೆನ್ನು ಸೀಳುತ್ತಿತ್ತು.

ಅವಳ ಬೆನ್ನೆಲುಬಿನ ಎರಡು ಮಣಿಗಳು ಕುಸಿದಿದ್ದವು. ತುದೊರಾಳ ಕೈಕಾಲಿಗೇನೂ ಆಗಿರಲಿಲ್ಲ, ಆದರೆ ಅವಳನ್ನು ಇನ್ನು ಎತ್ತುವವರಿಲ್ಲ. ಸಾಫ್ತಾ ಆಗೀಗ ಕೈಕೊಡಬಲ್ಲಳು, ಹಗಲೂರಾತ್ರಿ ನೋಡಿಕೊಳ್ಳಲಾರಳು. ಅವಳಿಗೆ ತನ್ನದೇ ಮನೆಯುಂಟು, ಹಾಸಿಗೆ ಹಿಡಿದ ಗಂಡನುಂಟು. ಹಬ್ಬ ಕಳೆಯುತ್ತಲೇ ಪಟ್ಟಣದ ವೃದ್ಧಾಶ್ರಮದ ವ್ಯಾನು ಅಂಗಳಕ್ಕೆ ಬಂತು. ಬೆನ್ನಿಗೆ ಪಟ್ಟಿ ಕಟ್ಟಿಸಿಕೊಂಡು ಅಲ್ಲಾಡದೆ ಮಲಗಿದ್ದ ಡೆಸ್ಪಿನಾ, ಅಪರಿಚಿತ ಗಂಡಸರಿಬ್ಬರು ತಾಯಿಯನ್ನು ಸ್ಟ್ರೆಚರಿಗೆ ಏರಿಸುವುದನ್ನು ನೋಡಿದಳು. ದೇವರೇ, ಎಷ್ಟು ಸಲೀಸಾಗಿ ಎತ್ತಿದರು!

ಹೊಸ್ತಿಲ ಬಳಿ ತುದೊರಾ ತಲೆ ತಿರುಗಿಸಿದಳು. ಅವಳಿಗೆ ಏನೂ ತಿಳಿದಿರಲಿಲ್ಲ.

"ಏಳೇ ಸೋಮಾರಿ," ಎಂದಳು ಕೋಪದಿಂದ. "ಬಿದ್ಕೊಂಡು ಏನ್ ನೋಡ್ತೀಯಾ? ಬಾ, ನೀನೇ ಎತ್ತು. ಇವ್ರಿಗೆ ಬರಲ್ಲ."