ಕಟ್ಟೆಯ ಮೇಲೆ ಉಳಿದ ವಲ್ಲಿ

ಹುಣಸೂರಿನಲ್ಲಿ ಪಿರಿಯಾಪಟ್ಟಣದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತರೆ, ಈ ಮಳೆಗಾಲದಲ್ಲಿ ಒಂದು ವಾಸನೆ ಹೇಳದೆ ಕೇಳದೆ ಒಳಗೆ ಬರುತ್ತದೆ. ಸೌದೆ ಉರಿಸಿ ಎಲೆ ಒಣಗಿಸುವ ಬ್ಯಾರನ್‌ಗಳಲ್ಲಿ ಹೊಗೆಸೊಪ್ಪು ಬೇಯುವ ವಾಸನೆ. ಹಳೇ ಬೆಲ್ಲದ ಮಡಕೆಯ ಬಾಯಿ ತೆರೆದ ಹಾಗಿರುತ್ತದೆ. ನಮ್ಮ ಮನೆಯವರು ಮೂಗಿಗೆ ಕರ್ಚೀಫು ಹಿಡಿಯುತ್ತಾರೆ, ಅವರು ಕೆ.ಆರ್. ನಗರದ ಕಡೆಯವರು, ಭತ್ತದ ಗದ್ದೆಯ ಗಾಳಿ ಕುಡಿದು ಬೆಳೆದವರು. ನನಗೆ ಅದು ತವರಿನ ವಾಸನೆ. ತವರಿನದು ಒಳ್ಳೆಯದೋ ಕೆಟ್ಟದ್ದೋ ಎಂದು ಯಾರು ಕೇಳುತ್ತಾರೆ, ನೀವೇ ಹೇಳಿ.

ಮೊನ್ನೆ ಹಾಗೆ ಹೋಗುವಾಗ ಮುಂದಿನ ಸೀಟಿನಲ್ಲಿ ಇಬ್ಬರು ಗಂಡಸರು ಒಬ್ಬ ಪಂಚಾಯ್ತಿ ಅಧ್ಯಕ್ಷೆಯ ವಿಷಯ ಮಾತಾಡುತ್ತಿದ್ದರು. ದಾರಿಯಲ್ಲೇ ಸಿಗುವ ಊರು ಆಕೆಯದು. ಕುಡಿಯುವ ನೀರಿನ ಹೊಸ ಪೈಪು ಬಂದಾಗ ಆಕೆಯ ಗಂಡ ಸರದಿ ತಪ್ಪಿಸಿ ತಮ್ಮ ಮನೆಗೇ ಮೊದಲು ನಲ್ಲಿ ಹಾಕಿಸಿಕೊಂಡನಂತೆ. ಊರಿನಲ್ಲಿ ಯಾರೂ ಅದನ್ನು ದೊಡ್ಡದು ಮಾಡಿರಲಿಲ್ಲ. ಆಕೆಯೇ ಗ್ರಾಮಸಭೆಯಲ್ಲಿ ಎದ್ದು ನಿಂತು, ತಪ್ಪು ನಮ್ಮ ಮನೆಯಿಂದಲೇ ಆಗಿದೆ ಎಂದು ಹೇಳಿ, ರಾಜೀನಾಮೆ ಕೊಟ್ಟು ಮನೆ ಸೇರಿಕೊಂಡಳಂತೆ. ಅವಳಂಥ ದಡ್ಡಿ ಇಲ್ಲ ಎಂದ ಒಬ್ಬ. ಅಧ್ಯಕ್ಷರಾದ ಮೇಲೆ ಅಷ್ಟೂ ನಿಯತ್ತು ಬೇಡವೇ, ಹೋದದ್ದೇ ಸರಿ ಎಂದ ಇನ್ನೊಬ್ಬ. ಕೊನೆಗೆ ಹಿಂದೆ ತಿರುಗಿ, "ನೀವೇನಂತೀರಕ್ಕ?" ಎಂದು ನನ್ನನ್ನೇ ಕೇಳಿದ.

ಟೀವಿಯಲ್ಲಿ ವಾರ್ತೆ ಬರುವಾಗ ಸೌಟು ಕೈಯಲ್ಲಿ ಹಿಡಿದೇ ಇಡೀ ವಿಧಾನಸೌಧಕ್ಕೆ ತೀರ್ಪು ಕೊಡುವವಳು ನಾನು. ಆವತ್ತು ಮಾತ್ರ ಕಿಟಕಿಯ ಕಡೆ ತಿರುಗಿಕೊಂಡೆ. ಆ ವಾಸನೆಯ ಜೊತೆಗೆ ಆ ಮಾತೂ ಸೇರಿ ನಂಜಪ್ಪ ದೊಡ್ಡಪ್ಪ ಬಂದು ಎದುರು ನಿಂತ ಹಾಗಾಯಿತು.

ನಮ್ಮಪ್ಪನ ಅಣ್ಣ ಅವರು. ಊರಿಗೆ ಯಜಮಾನರು, ಪಂಚಾಯ್ತಿಗೆ ಅಧ್ಯಕ್ಷರು, ಎರಡೂ ಅವರೇ. ವ್ಯಾಜ್ಯ ಇನ್ನೂ ತೀರದ ಮನೆಯಲ್ಲಿ ಕಾಫಿ ಕುಡಿಯುತ್ತಿರಲಿಲ್ಲ. ಬಂದವರಿಗೆ ಕಾಫಿ ಕೊಡದೆ ಕಳಿಸುವುದು ನಮ್ಮ ಕಡೆಯ ಹೆಂಗಸರಿಗೆ ಎಂಥಾ ಅವಮಾನ ಗೊತ್ತಲ್ಲ. ಆ ನಾಚಿಕೆಗೇ ಎಷ್ಟೋ ಜಗಳಗಳು ಬೇಗ ತೀರುತ್ತಿದ್ದವು. ದೊಡ್ಡಪ್ಪನ ಹೆಗಲ ಮೇಲೆ ಯಾವಾಗಲೂ ಒಂದು ಬಿಳೀ ವಲ್ಲಿ. ದೊಡ್ಡಮ್ಮ ಅದನ್ನು ನೀಲಿ ಹಾಕಿ ಒಗೆದು, ಬೇರೆ ಬಟ್ಟೆಯ ಜೊತೆ ಸೇರಿಸದೆ ಬೇರೆಯಾಗಿಯೇ ಒಣಹಾಕುತ್ತಿದ್ದರು. ಮಕ್ಕಳು ಕೈ ಒರೆಸಿದರೆ ಬೆನ್ನಿಗೆ ಗುದ್ದು ಬೀಳುತ್ತಿತ್ತು. ನನಗೂ ಬಿದ್ದಿದೆ.

ಆ ವಲ್ಲಿ ಬರೀ ಬಟ್ಟೆಯಲ್ಲ. ನಮ್ಮೂರಿನ ಕಟ್ಟಳೆಯಲ್ಲಿ ಯಾರಾದರೂ ತಪ್ಪು ಮಾಡಿದರೆ ತಪ್ಪುಕಾಣಿಕೆ ಕೊಟ್ಟು ಕೈಮುಗಿದರೆ ಮುಗಿಯಿತು. ಯಜಮಾನನೇ ತಪ್ಪು ಮಾಡಿದರೆ ಅಷ್ಟು ಸಾಲದು. ಅವನು ಹೆಗಲ ಮೇಲಿನ ವಲ್ಲಿಯನ್ನು ಮಡಿಸಿ ಅರಳಿಕಟ್ಟೆಯ ಮೇಲಿಟ್ಟು ಕೆಳಗಿಳಿಯಬೇಕು. ಊರಿನವರಿಗೆ ಸಾಕು ಅನ್ನಿಸಿದ ದಿನ ಆ ವಲ್ಲಿಯನ್ನು ಅವರೇ ಅವನ ಹೆಗಲಿಗೆ ಹಾಕಿ ಮೇಲಕ್ಕೆ ಕರೆಯಬೇಕು. ಅಲ್ಲಿಯವರೆಗೆ ಅವನು ಕಟ್ಟೆ ಹತ್ತುವ ಹಾಗಿಲ್ಲ.

ಕೆರೆ ಏರಿಯ ಮರಗಳಿಗೆ ಯಾರೂ ಕೊಡಲಿ ಹಾಕಬಾರದೆಂದು ಕಟ್ಟು ಮಾಡಿದ್ದವರು ದೊಡ್ಡಪ್ಪನೇ. ಬ್ಯಾರನ್‌ಗಳ ಹೊಟ್ಟೆಗೆ ಎಷ್ಟು ಸೌದೆ ಹಾಕಿದರೂ ಸಾಲದು. ಬಿಟ್ಟರೆ ಏರಿ ಬೋಳಾಗುತ್ತದೆಂಬ ಭಯ ಅವರಿಗೆ. ಗುಡಿಸಲಿನ ಸೂರಿಗೆ ಬೇಕೆಂದು ಒಂದು ಕೊಂಬೆ ಕಡಿದ ಬಡವನಿಂದಲೂ ತಪ್ಪುಕಾಣಿಕೆ ಕೊಡಿಸಿದ್ದರು. ಅದು ಅತಿಯಾಯಿತು ಎಂದು ನಮ್ಮಪ್ಪನೇ ಮನೆಯಲ್ಲಿ ಗೊಣಗಿದ್ದುಂಟು.

ಒಂದು ವರ್ಷ ಜಡಿಮಳೆ ಹಿಡಿದು ರಸ್ತೆಗಳೆಲ್ಲ ಕೆಸರು. ಬರಬೇಕಾಗಿದ್ದ ಸೌದೆ ಲಾರಿ ಬರಲಿಲ್ಲ. ದೊಡ್ಡಪ್ಪನ ಬ್ಯಾರನ್‌ನಲ್ಲಿ ಸೊಪ್ಪು ಅರ್ಧ ಬೆಂದಿತ್ತು. ಆಗ ಶಾಖ ಇಳಿದರೆ ಅಷ್ಟೂ ಎಲೆ ಕಪ್ಪಾಗಿ ತಿಪ್ಪೆಗೇ. ಬೆಂಕಿ ಆರದ ಹಾಗೆ ಏನಾದರೂ ಮಾಡು ಎಂದು ಆಳಿಗೆ ಹೇಳಿ ದೊಡ್ಡಪ್ಪ ಲಾರಿ ಹುಡುಕಿಕೊಂಡು ಹೋದರು. ಆಳು ಏರಿಗೆ ಹೋಗಿ ಹೊಂಗೆ ಮರವೊಂದನ್ನು ಉರುಳಿಸಿ ತಂದ.

ಮರುದಿನ ಕಟ್ಟೆಯ ಮುಂದೆ ಊರು ಸೇರಿತು. ಆಳಿನ ತಪ್ಪಿಗೆ ಯಜಮಾನರೇನು ಮಾಡಿಯಾರು, ಅವನ ಕೈಲಿ ತಪ್ಪುಕಾಣಿಕೆ ಕೊಡಿಸಿ ಮುಗಿಸೋಣ ಎಂದು ಹಿರಿಯರೇ ದಾರಿ ತೋರಿಸಿದರು. ದೊಡ್ಡಪ್ಪ ಒಪ್ಪಲಿಲ್ಲ.

"ಕೊಡ್ಲಿ ಇಡ್ದಿದ್ದು ಅವ್ನೇ ಇರ್ಬೋದು," ಎಂದರು. "ಬೆಂಕಿ ನಂದಲ್ವೇನ್ರಪ್ಪ?"

ವಲ್ಲಿ ಮಡಿಸಿ ಕಟ್ಟೆಯ ಮೇಲಿಟ್ಟು ಇಳಿದು ಬಂದರು. ಪಂಚಾಯ್ತಿಗೂ ರಾಜೀನಾಮೆ ಕೊಟ್ಟರು. ಊರು ಅವರನ್ನು ಹೊಗಳಿದ್ದೇ ಹೊಗಳಿದ್ದು. ಇದ್ದರೆ ಹೀಗಿರಬೇಕು ಯಜಮಾನ ಎಂದು ಪಿರಿಯಾಪಟ್ಟಣದ ಸಂತೆಯಲ್ಲೂ ಹೇಳಿಕೊಂಡು ತಿರುಗಿದರು. ನನಗೂ ಶಾಲೆಯಲ್ಲಿ ಜಂಬವೋ ಜಂಬ.

ಇನ್ನೇನು, ವಲ್ಲಿ ವಾಪಸ್ಸು ಬರಬೇಕಿತ್ತು. ಸಮಸ್ಯೆ ಇದ್ದದ್ದು ಅಲ್ಲೇ ನೋಡಿ. ಎಷ್ಟು ದಿನಕ್ಕೆ ಎಂದು ಕಟ್ಟಳೆಯಲ್ಲಿ ಇರಲಿಲ್ಲ. ಬೇಗ ಹಾಕಿದರೆ ಅವರ ದೊಡ್ಡತನವನ್ನು ಹಗುರ ಮಾಡಿದ ಹಾಗೆ ಎಂದು ಹಿರಿಯರು ಅಂದುಕೊಂಡರು. ಹಿರಿಯರ ಹೆಗಲಿಗೆ ನಾವು ಕೈ ಹಾಕುವುದೇ ಎಂದು ಕಿರಿಯರು ಹಿಂಜರಿದರು. ಎಲ್ಲರಿಗೂ ಮರ್ಯಾದೆಯೇ. ಆ ಮರ್ಯಾದೆಯಲ್ಲೇ ವಲ್ಲಿ ಬಿಸಿಲಲ್ಲಿ ಒಣಗಿ ಮಳೆಯಲ್ಲಿ ನೆನೆಯಿತು. ಹಬ್ಬಗಳು ಬಂದು ಹೋದವು. ದೊಡ್ಡಪ್ಪ ದಿನಾ ಸಂಜೆ ಬರೀ ಹೆಗಲಲ್ಲಿ ಜಗಲಿಯ ಮೇಲೆ, ಕಟ್ಟೆ ಕಾಣುವ ಕಡೆಗೆ ಮುಖ ಮಾಡಿ ಕೂರುತ್ತಿದ್ದರು. ಬಾಯಿ ಬಿಟ್ಟು ಒಂದು ಮಾತು ಆಡಲಿಲ್ಲ. ಆಡಿದ್ದರೆ ಅವರು ನಂಜಪ್ಪ ದೊಡ್ಡಪ್ಪ ಹೇಗಾಗುತ್ತಿದ್ದರು? ನೋಡಿ ನೋಡಿ ತಡೆಯಲಾರದೆ ಕಡೆಗೊಂದು ಬೆಳಗ್ಗೆ ದೊಡ್ಡಮ್ಮನೇ ಹೋಗಿ ವಲ್ಲಿ ತಂದು, ಒಗೆದು ಪೆಟ್ಟಿಗೆಯಲ್ಲಿಟ್ಟರು. ಕಟ್ಟೆ ಮೇಲೆ ಅದು ಕಾಣದೆ ಹೋದಾಗ, ಯಾರೋ ಅವರ ಹೆಗಲಿಗೆ ಹಾಕಿರಬೇಕು ಎಂದುಕೊಂಡು ಊರು ನಿರಾಳವಾಯಿತು.

ಅಷ್ಟರಲ್ಲಿ ನಮ್ಮೂರಿನ ಪುಟ್ಟಸ್ವಾಮಿ ಎಂಬವನು ಅಧ್ಯಕ್ಷನಾಗಿ ಕಟ್ಟೆಯನ್ನೂ ಹತ್ತಿದ್ದ. ಗುತ್ತಿಗೆ ಕೆಲಸ ಹಿಡಿಯುತ್ತಿದ್ದ ಆಸಾಮಿ, ಮಾತು ಬೆಣ್ಣೆ. ಎಲ್ಲರೂ ಮನುಷ್ಯರೇ, ತಪ್ಪು ಮಾಡದವರು ಯಾರಿದ್ದಾರೆ ಎನ್ನುತ್ತಿದ್ದ. ಯಾರಿಂದಲೂ ತಪ್ಪುಕಾಣಿಕೆ ಕೇಳಲಿಲ್ಲ, ತಾನೂ ಕೊಡಲಿಲ್ಲ. ಕಾಫಿಯನ್ನು ಎರಡೂ ಕಡೆಯವರ ಮನೆಯಲ್ಲಿ ಕುಡಿಯುತ್ತಿದ್ದ. ಏರಿಯ ಮರಗಳು ಒಂದೊಂದಾಗಿ ಬ್ಯಾರನ್ ಸೇರಿದವು. ಕೊನೆಯವು ರಸ್ತೆ ಅಗಲ ಮಾಡುವ ಹೆಸರಿನಲ್ಲಿ ಅವನದೇ ಲಾರಿಯಲ್ಲಿ ಹೋದವು. ಅವನನ್ನು ಕಟ್ಟೆಯಿಂದ ಇಳಿ ಎಂದು ಯಾರೂ ಕೇಳಲಿಲ್ಲ. ಇಳಿಯದವನಿಗೆ ಇಳಿ ಎಂದು ಬಾಯಿ ನೋಯಿಸಿಕೊಳ್ಳುವವರು ಯಾರು?

ದೊಡ್ಡಪ್ಪ ತೀರಿಕೊಂಡ ದಿನ ನಾನು ಅಲ್ಲೇ ಇದ್ದೆ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ವಿಭೂತಿ ಬಳಿದು ಕೂರಿಸುತ್ತಾರೆ. ಕಣ್ಣು ಮುಚ್ಚಿ ಪೂಜೆಗೆ ಕೂತ ಹಾಗೇ ಇದ್ದರು. ಊರಿನ ಹಿರಿಯರು ಹೊಸದೊಂದು ವಲ್ಲಿ ತಂದು ಅವರ ಹೆಗಲಿಗೆ ಹಾಕಲು ಬಂದರು. ಅಲ್ಲಿಯವರೆಗೂ ಮೂಲೆಯಲ್ಲಿದ್ದ ದೊಡ್ಡಮ್ಮ ಎದ್ದು ಅಡ್ಡ ಬಂದರು.

"ಬದುಕಿದ್ದಾಗ ದಾರಿ ಕಾಯ್ಕಂಡ್ ಕುಂತಿದ್ರಲ್ಲ, ಆಗ ಒಬ್ರೂ ಬರ್ನಿಲ್ಲ," ಎಂದರು. "ಈಗ ಬ್ಯಾಡ. ಈಗ ಆಕುದ್ರೆ ಇಳ್ಸೋಕೂ ಅವ್ರ ಕೈಲಿ ಆಗಲ್ಲ."

ಪೆಟ್ಟಿಗೆಯಿಂದ ಹಳೇ ವಲ್ಲಿ ತೆಗೆದು ತಾವೇ ಹಾಕಿದರು. ಆ ಹಿರಿಯರ ಮುಖ ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಅವರಾರೂ ಕೆಟ್ಟವರಲ್ಲ.

ನಾಯಕರಾದವರು ನಮಗಿಂತ ಒಂದು ಕೈ ಮೇಲಿರಬೇಕೋ ಬೇಡವೋ? ಇರಬೇಕು ಎಂದೇ ನಾನು ಈಗಲೂ ಹೇಳುತ್ತೇನೆ. ಬಡವನ ಕೊಂಬೆಗೆ ತಪ್ಪುಕಾಣಿಕೆ ಕೊಡಿಸಿದವರು ತಮ್ಮ ಮರಕ್ಕೆ ವಲ್ಲಿ ಇಡಲೇಬೇಕಿತ್ತು. ಆದರೆ ಆ ಕಟ್ಟಳೆ ಮಾಡಿದ ಪುಣ್ಯಾತ್ಮರು ಅದರಲ್ಲಿ ಊರಿಗೂ ಒಂದು ಕೆಲಸ ಇಟ್ಟಿದ್ದರು. ದೊಡ್ಡಪ್ಪ ತಮ್ಮ ಪಾಲಿನದನ್ನು ಮಾಡಿದರು. ನಮ್ಮ ಪಾಲಿನದು ಹಾಗೇ ಉಳಿಯಿತು, ಕಟ್ಟೆ ಪುಟ್ಟಸ್ವಾಮಿಯ ಪಾಲಾಯಿತು.

ಇಷ್ಟೆಲ್ಲ ಯೋಚಿಸುವಷ್ಟರಲ್ಲಿ ಬಸ್ಸು ಯಾವುದೋ ಊರಿನ ಮುಂದೆ ನಿಂತಿತು. ಇದೇ ನೋಡಿ ಆ ಅಧ್ಯಕ್ಷೆಯ ಊರು ಎಂದ ಮುಂದಿನ ಸೀಟಿನವನು. ನಾನು ಬ್ಯಾಗು ಎತ್ತಿಕೊಂಡು ಎದ್ದೆ. ನಿಮ್ಮ ಟಿಕೆಟ್ಟು ಪಿರಿಯಾಪಟ್ಟಣಕ್ಕಿದೆ ಎಂದು ಕಂಡಕ್ಟರ್ ನೆನಪಿಸಿದ. ಇರಲಿ ಎಂದು ಇಳಿದುಬಿಟ್ಟೆ. ಆಕೆಯನ್ನು ಕಂಡವಳಲ್ಲ. ಹೆಗಲಿಗೆ ಹಾಕಲು ಕೈಯಲ್ಲಿ ಏನೂ ಇರಲಿಲ್ಲ. ನಾನು ಆ ಊರಿನವಳೂ ಅಲ್ಲ, ಓಟಿನವಳೂ ಅಲ್ಲ. ಇನ್ನೊಂದು ಸಲ ಚುನಾವಣೆಗೆ ನಿಲ್ಲಮ್ಮ ಎಂದು ಹೇಳಿ ಬರುವುದಕ್ಕೆ ಅದೆಲ್ಲ ಬೇಕೇ ಎಂದು ನನಗೆ ನಾನೇ ಧೈರ್ಯ ಹೇಳಿಕೊಂಡೆ.

ಟೀ ಅಂಗಡಿಯವನ ಹತ್ತಿರ ಹೋಗಿ, ಅಧ್ಯಕ್ಷರ ಮನೆ ಯಾವುದಪ್ಪ ಎಂದು ಕೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಅವ್ರೀಗ ಅಧ್ಯಕ್ಷರಲ್ಲ ಕಣಕ್ಕ."

"ಗೊತ್ತು ಕಣಪ್ಪ," ಎಂದೆ. "ಅದಕ್ಕೇ ಬಂದಿದೀನಿ."