ಅಕ್ಟೋಬರ್ ಚಾಟ್ನಿ

ನಮ್ಮ ಬೀದಿಯಲ್ಲಿ ಎಲ್ಲರೂ ಯಂತ್ರದಿಂದಲೇ ಉದುರಿದ ಎಲೆ ಊದಿ ಗುಡ್ಡೆಹಾಕುತ್ತಾರೆ, ಯಂತ್ರದಿಂದಲೇ ಗಿಡ ಕತ್ತರಿಸುತ್ತಾರೆ. ಎದುರುಮನೆಯ ಮುದುಕನೊಬ್ಬ ಮಾತ್ರ ಕೈಗತ್ತರಿ ಹಿಡಿಯುತ್ತಾನೆ. ನಿನ್ನೆ ಸಂಜೆ ಗುಲಾಬಿ ಗಿಡಗಳನ್ನು ಸವರುತ್ತಿದ್ದ. ಕಚಕ್, ಸ್ವಲ್ಪ ಬಿಡುವು, ಮತ್ತೆ ಕಚಕ್. ಅಕ್ಟೋಬರ್‌ನಲ್ಲಿ ಆ ಸದ್ದನ್ನು ಈಗಲೂ ನನಗೆ ಕೇಳಲಾಗುವುದಿಲ್ಲ. ಕಿಟಕಿ ಮುಚ್ಚಿದೆ. ಮುಚ್ಚಿದ ಮೇಲೂ ಕೇಳಿಸುತ್ತಿತ್ತು, ಅಥವಾ ಕೇಳಿಸಿತೆಂದು ಅಂದುಕೊಂಡೆ. ನನ್ನ ನೆನಪಿನ ಮೇಲೆ ನನಗೆ ಅಷ್ಟು ವಿಶ್ವಾಸವಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ನ್ಯೂಜೆರ್ಸಿಯ ವಾಯವ್ಯ ಮೂಲೆಯ ಗುಡ್ಡವೊಂದರ ಮೇಲೆ ನಮ್ಮ ಮನೆಯಿತ್ತು. ಅಪ್ಪ ವಾರವಿಡೀ ಪ್ರಿನ್ಸ್‌ಟನ್‌ಗೆ ಕಮ್ಯೂಟ್ ಮಾಡಿ, ಔಷಧಿ ಕಂಪನಿಯ ಲ್ಯಾಬಿನಲ್ಲಿ ದುಡಿದು, ಶನಿವಾರ ಭಾನುವಾರ ಎರಡು ಎಕರೆ ರೀಸ್ಲಿಂಗ್ ದ್ರಾಕ್ಷಿ ಬಳ್ಳಿಗಳ ಸೇವೆ ಮಾಡುತ್ತಿದ್ದರು. ನೆಲಮಾಳಿಗೆಯಲ್ಲಿ ವೈನ್ ಹುದುಗುತ್ತಿತ್ತು. ಸೆಪ್ಟೆಂಬರಿನಿಂದ ಕ್ರಿಸ್‌ಮಸ್‌ವರೆಗೆ ನನ್ನ ಹಾಸಿಗೆ, ಸ್ಕೂಲ್ ಬ್ಯಾಗು, ಅಮ್ಮನ ಶಾಲು ಎಲ್ಲಕ್ಕೂ ಹುಳಿಹಿಟ್ಟಿನ, ಗಂಧಕದ ವಾಸನೆ. ನಿಮಗೂ ಇಂಥದೊಂದು ಮನೆ ಇದ್ದಿರಬಹುದು, ಈಗ ಇಲ್ಲದ್ದು. ನೆನೆದರೆ ನಿಮ್ಮ ಮನಸ್ಸು ಮೆತ್ತಗಾಗಬಹುದು. ನನ್ನದು ಆಗುವುದಿಲ್ಲ. ಆ ಮನೆಯಲ್ಲಿ ಯಾರೂ ಯಾರಿಗೂ ಸೋಲುತ್ತಿರಲಿಲ್ಲ.

ನನಗೆ ಒಂಬತ್ತು ವರ್ಷವಾಗಿದ್ದಾಗ ಅಪ್ಪನ ಅಪ್ಪ, ನನ್ನ ಅಜ್ಜ, ಆರು ತಿಂಗಳಿಗೆಂದು ಬಂದರು. ವಿಜಯಪುರದ ಹತ್ತಿರ ತಿಕೋಟಾದಲ್ಲಿ ನಲವತ್ತು ವರ್ಷ ದ್ರಾಕ್ಷಿ ಬೆಳೆದವರು. ಸೂಟ್‌ಕೇಸಿನಲ್ಲಿ ಪಂಚೆಗಳ ನಡುವೆ ತಮ್ಮ ಕತ್ತರಿಯನ್ನೂ ತಂದಿದ್ದರು. ಆಗಸ್ಟಿನಲ್ಲಿ ಅಪ್ಪನ ಗೊಂಚಲುಗಳನ್ನು ಅಂಗೈಯಲ್ಲಿ ತೂಗಿ ನೋಡಿ, "ಇವು ದ್ರಾಕ್ಷಿ ಏನವ್ವಾ, ಮೆಣಸಿನ ಕಾಳ?" ಎಂದು ನನ್ನನ್ನು ಕೇಳಿದರು. ಅಪ್ಪ ಪಕ್ಕದ ಸಾಲಿಗೆ ನಡೆದರು. ಸೆಪ್ಟೆಂಬರಿನ ಒಂದು ಶನಿವಾರ ಬಾಸ್ಕಿಂಗ್ ರಿಡ್ಜ್‌ನಿಂದ ಕನ್ನಡದ ಗೆಳೆಯರು ಬಂದಿದ್ದಾಗ ಅಪ್ಪ ಹಿಂದಿನ ವರ್ಷದ ವೈನ್ ಸುರಿದು ಹಂಚಿದರು. ಎಂದೂ ಕುಡಿಯದ ಅಜ್ಜ ಒಂದು ಲೋಟಕ್ಕೆ ಬೆರಳ ತುದಿ ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡು, "ಹುಣಸಿ ನೀರು. ಸಾರಿಗೆ ಹಾಕಾಕ ಬರ್ತೈತಿ" ಅಂದರು. ಬಂದವರೆಲ್ಲ ಹೊಟ್ಟೆ ಹಿಡಿದು ನಕ್ಕರು. "ಸೂಪರ್ ಅಂಕಲ್, ಇದನ್ನೇ ಲೇಬಲ್ ಮೇಲೆ ಹಾಕಿಸಿಬಿಡೋಣ!" ಎಂದ ಒಬ್ಬ. ಅಪ್ಪನೂ ನಕ್ಕರು. ಅವರ ಕಾರುಗಳು ಗುಡ್ಡ ಇಳಿದ ಮೇಲೆ ಅಪ್ಪ ಅಜ್ಜನ ಜೊತೆ ಮಾತು ಬಿಟ್ಟರು.

ಅಂದಿನಿಂದ ಅವರ ಮಾತು ಹೊರುವ ಕೆಲಸ ನನ್ನದಾಯಿತು. ಒಂದೇ ಟೇಬಲ್ಲಿನಲ್ಲಿ ಎದುರುಬದುರು ಕೂತು ಉಣ್ಣುತ್ತಲೇ ಅಪ್ಪ, "ಅವರಿಗೆ ಹೇಳು, ಇದು ತಿಕೋಟಾ ಅಲ್ಲ" ಅನ್ನುವರು. "ನಿಮ್ಮಪ್ಪಗ ಹೇಳು, ತಿಕೋಟಾದಾಗ ಇಂಥಾ ಬಳ್ಳಿ ದನಕ್ಕ ಹಾಕ್ತೀವಿ" ಎಂದು ಅಜ್ಜ. "ನನ್ನನ್ನಂತೂ ಮಧ್ಯ ಎಳೀಬೇಡಿ" ಎಂದು ಅಮ್ಮ ಒಲೆಯ ಕಡೆ ತಿರುಗುವಳು. ಅಲ್ಲಿಯವರೆಗೆ ಎಲ್ಲದಕ್ಕೂ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದ ನಾನು ಕನ್ನಡ ಕಲಿತದ್ದು ಆ ಟೇಬಲ್ಲಿನ ಮುಂದೆ, ಬೈಗುಳ ಸಾಗಿಸುತ್ತ.

ಅಜ್ಜನ ಊರಿನಲ್ಲಿ ದ್ರಾಕ್ಷಿ ಬಳ್ಳಿ ನಿದ್ದೆ ಮಾಡುವುದಿಲ್ಲ. ಅದನ್ನು ವರ್ಷಕ್ಕೆ ಎರಡು ಸಲ ಕತ್ತರಿಸಬೇಕು. ಅದಕ್ಕೆ ಚಾಟ್ನಿ ಅನ್ನುತ್ತಾರೆ. ಏಪ್ರಿಲ್‌ನದು ಹೊಸ ಕಡ್ಡಿ ಬರಲಿಕ್ಕೆ, ಅಕ್ಟೋಬರ್‌ನದು ಹಣ್ಣು ಬರಲಿಕ್ಕೆ. ನಮ್ಮ ಗುಡ್ಡದಲ್ಲಿ ಬಳ್ಳಿ ಹಿಮದಡಿ ಮಲಗುತ್ತದೆ. ಎಲೆ ತಾನಾಗಿ ಉದುರಿ, ಚಳಿಗಾಲ ಕಳೆದು ಮಾರ್ಚ್ ಬರುವವರೆಗೆ ಕತ್ತರಿ ತಾಗಿಸಬಾರದು. ಅಪ್ಪನಿಗೆ ಇದು ಗೊತ್ತಿತ್ತು, ಅಜ್ಜನಿಗೆ ಗೊತ್ತಿರಲಿಲ್ಲ. ಅಕ್ಟೋಬರ್‌ನಲ್ಲಿ ಅಪ್ಪ ಒಂದು ವಾರ ಕಾನ್ಫರೆನ್ಸಿಗೆಂದು ಜರ್ಮನಿಗೆ ಹೋದರು. ಅಜ್ಜ ನನ್ನನ್ನು ಹಿತ್ತಲಿನ ಮರದ ಡೆಕ್ ಮೇಲೆ ಕರೆದು ಹೇಳಿದರು: "ಫೋನ್ ಬಂದಾಗ ನಿಮ್ಮಪ್ಪಗ ಕೇಳು ಯವ್ವಾ. ಚಾಟ್ನಿ ಹೊತ್ತು ಮೀರಾಕತ್ತೈತಿ, ಮಾಡ್ಲ್ಯಾ ಅಂತ ಕೇಳು. ಅವನ ತೋಟ, ಅವ ಹೂಂ ಅನ್ಬೇಕು."

ಫೋನ್ ಬಂತು. ಸ್ಪೆಲ್ಲಿಂಗ್ ಟೆಸ್ಟಿನ ಬಗ್ಗೆ ಹೇಳಿದೆ. ಅಜ್ಜನ ಪ್ರಶ್ನೆ ಕೇಳಲಿಲ್ಲ. ಹೊರಗೆ ಬಂದು, "ಯೆಸ್ ಅಂದ್ರು" ಎಂದೆ.

ಯಾಕೆ ಹಾಗೆ ಹೇಳಿದೆ? ದಣಿದಿದ್ದೆ ಎಂದು ಬಹಳ ವರ್ಷ ನಂಬಿದ್ದೆ. ಇಬ್ಬರೂ ರಾಜಿಯಾಗಲಿ ಎಂದಿತ್ತು ಅನ್ನುವುದು ಕಾಲೇಜಿನ ದಿನಗಳಲ್ಲಿ ನಾನೇ ಕಟ್ಟಿಕೊಂಡ ಚಂದದ ಕಾರಣ. ಇಬ್ಬರ ಮೇಲೂ ನನಗೆ ಸಿಟ್ಟಿತ್ತು, ಏನಾದರೂ ಮುರಿಯಲಿ ಎಂದಿತ್ತು ಅನ್ನುವುದು ಈಗಿನ ಅನುಮಾನ. ನಿಸ್ಸಂಶಯವಾಗಿ ನೆನಪಿರುವುದು ಅಜ್ಜನ ಮುಖ ಒಂದೇ. ಮಗ ಮಾತು ಕೇಳಿದನೆಂಬ ಖುಷಿಯಲ್ಲಿ ಅವರು ನಾಲ್ಕು ದಿನ, ಇನ್ನೂ ಹಸಿರೆಲೆಯಿದ್ದ ಸಾಲುಗಳಲ್ಲಿ, ಏನೋ ಗುನುಗುತ್ತ ಕತ್ತರಿ ಆಡಿಸಿದರು. ಕಚಕ್, ಬಿಡುವು, ಕಚಕ್.

ಅಪ್ಪ ಏರ್‌ಪೋರ್ಟಿನಿಂದ ಬಂದವರು ಕಾರಿನ ಬಾಗಿಲನ್ನೂ ಹಾಕದೆ ತೋಟಕ್ಕೆ ನಡೆದರು. "ಯಾರನ್ನ ಕೇಳಿ ಕಡದ್ರಿ?" ಆರು ವಾರಗಳ ಮೇಲೆ ಅವರು ಅಜ್ಜನಿಗೆ ಆಡಿದ ಮೊದಲ ನೇರ ಮಾತು ಅದು. "ನೀನ ಹೂಂ ಅಂದಿ ಅಲ್ಲೋ?" ಎಂದರು ಅಜ್ಜ. "ನಾನಾ? ಯಾರ ಮುಂದ?" ಅಜ್ಜ ನನ್ನತ್ತ ತಿರುಗಿದರು. ನಾನು ನೆಲ ನೋಡಿದೆ. "ವಯಸ್ಸಾತು. ನನಗ ಮರವು" ಎಂದರು ಅಜ್ಜ. ಅವರ ಕಣ್ಣಿನಲ್ಲಿ ಆಗ ವಾತ್ಸಲ್ಯವಿತ್ತು ಎಂದು ಬರೆಯಲು ಆಸೆ. ಇರಲಿಲ್ಲ. ನವೆಂಬರಿನಲ್ಲಿ ವಿಮಾನ ಹತ್ತುವವರೆಗೆ ಅವರು ನನ್ನ ಕೈಗೆ ಇನ್ನೊಂದು ಮಾತು ಕೊಡಲಿಲ್ಲ. ಕತ್ತರಿಯನ್ನು ಅಡುಗೆಮನೆಯ ಕಿಟಕಿಯಲ್ಲೇ ಬಿಟ್ಟುಹೋದರು.

ಆ ಚಳಿಗಾಲ ಬಹಳ ಕಟುವಾಗಿತ್ತು. ಕತ್ತರಿಸಿದ ತುದಿಗಳಿಂದ ಏಪ್ರಿಲ್‌ನಲ್ಲಿ ನೀರು ತೊಟ್ಟಿಕ್ಕಬೇಕು, ಬಳ್ಳಿ ಎದ್ದಿತೆಂದು ತಿಳಿಯುವುದು ಹಾಗೆ. ಆ ವರ್ಷ ಒಂದು ಸಾಲೂ ತೊಟ್ಟಿಕ್ಕಲಿಲ್ಲ. ಅಪ್ಪ ಮಂಡಿಯೂರಿ ಕಾಂಡಗಳನ್ನು ಚಾಕುವಿನಿಂದ ಕೆರೆಯುತ್ತ ಹೋದರು, ಹಸಿರಿರಬೇಕಾದಲ್ಲೆಲ್ಲ ಕಂದು. ಎರಡು ವರ್ಷಕ್ಕೆ ಅಜ್ಜ ತೀರಿಕೊಂಡ ಸುದ್ದಿ ಬಂದಾಗ ಅಪ್ಪ ಊರಿಗೆ ಹೋಗಲಿಲ್ಲ. ಗುಡ್ಡವನ್ನು ಮಾರಿದರು. ಅಲ್ಲೀಗ ಯಾರದೋ ಕುದುರೆಗಳು ಮೇಯುತ್ತವೆ.

ಹೋದ ವಾರ ವುಡ್‌ಬ್ರಿಡ್ಜ್‌ನ ಅಪ್ಪನ ಕಾಂಡೋ ಫ್ಲ್ಯಾಟಿಗೆ ಹೋಗಿ ಕೊನೆಗೂ ಹೇಳಿದೆ. "ಅಪ್ಪಾ, ಅಜ್ಜನಿಗೆ ನೀವು ಯೆಸ್ ಅಂದ್ರಿ ಅಂತ ಹೇಳಿದ್ದು ನಾನು. ಇಟ್ ವಾಸ್ ಮಿ."

ಅಪ್ಪ ಟಿವಿಯಿಂದ ಕಣ್ಣು ಕೀಳಲಿಲ್ಲ. "ನೀ ಆಗ ಸಣ್ಣಾಕಿ. ನಿಂಗೇನ ನೆನಪಿರ್ತೈತಿ?"

"ಎಲ್ಲಾ ನೆನಪಿದೆ."

"ಇಲ್ಲ. ಬೇಕಂತ ಕಡದ್ರು ಅವರು. ನನ್ನ ತೋಟ ಕಂಡ್ರ ಆಗ್ತಿದ್ದಿಲ್ಲ ಅವರಿಗೆ." ಆಮೇಲೆ ಬೇರೆ ಯಾರಿಗೋ ಎಂಬಂತೆ ಹೇಳಿದರು: "ಒಂದು ಮಾತು ಕೇಳಬೇಕಿತ್ತು, ಅಷ್ಟ. ಕೇಳಲಿಲ್ಲ."

ಅಜ್ಜನ ಕತ್ತರಿ ನನ್ನ ಡ್ರಾಯರಿನಲ್ಲಿದೆ. ನಿನ್ನೆ ಕಿಟಕಿ ಮುಚ್ಚಿದ ಮೇಲೆ ತೆಗೆದು ನೋಡಿದೆ. ತುಕ್ಕು ಹಿಡಿದಿದ್ದರೂ ಸ್ಪ್ರಿಂಗ್ ಇನ್ನೂ ಗಟ್ಟಿಯಾಗಿದೆ. ಒತ್ತಿ ಬಿಟ್ಟರೆ ತಾನಾಗಿ ಬಾಯಿ ತೆರೆಯುತ್ತದೆ. ಅಜ್ಜ ಕೇಳಿದ್ದರು.