ಮೊಲಗಳಿಗೆ ಮಾತ್ರ

ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿ, ಗಲ್ಫಿಗೆ ಬಂದು, ಖುರುಮ್‌ನ ಆಫೀಸಿನಲ್ಲಿ ಏಸಿ ಬಿಡಿಭಾಗಗಳ ಬಿಲ್ ಮಾಡುವ ನನ್ನ ಓದಿಗೆ ಮರ್ಯಾದೆ ಸಿಗುತ್ತಿದ್ದುದು ಒಂದೇ ಕಡೆ: ಸುವೈಕ್‌ನಲ್ಲಿರುವ ವೀಸಾ ಕೊಟ್ಟ ಧಣಿ, ನಮ್ಮ ಕಫೀಲರ ಖರ್ಜೂರದ ತೋಟದಲ್ಲಿ. ಹಿಂದೆಂದೋ ಗೂಡಿನಿಂದ ತಪ್ಪಿಸಿಕೊಂಡ ಮೊಲಗಳು ಅಲ್ಲಿ ಬಿಲ ತೋಡಿ, ಪೂರ್ತಿ ಕಾಡುಮೊಲಗಳೇ ಆಗಿಬಿಟ್ಟಿದ್ದವು. ಒಂದು ವರ್ಷ ವೈರಸ್ ರೋಗ ಬಂದು, ಮೂಗಿನಲ್ಲಿ ರಕ್ತ ಸುರಿಸಿಕೊಂಡು ಹೆಚ್ಚಿನವು ಸತ್ತವು. ತೀರ ಎಳೆಯ ಮರಿಗಳಿಗೆ ಮಾತ್ರ ಏನೂ ಆಗಲಿಲ್ಲ. ಮುಂದಿನ ಸಲ ರೋಗ ಬಂದಾಗ ಅವೇ ಮರಿಗಳು ಬೆಳೆದು ದೊಡ್ಡವಾಗಿ, ಕ್ಯಾರೇ ಎನ್ನದೆ ಮೇಯುತ್ತಿದ್ದವು.

ಎಳೆತನದಲ್ಲಿ ರೋಗ ತಗುಲಿ ಬದುಕಿದವಕ್ಕೆ ರೋಗನಿರೋಧಕ ಶಕ್ತಿ ಬಂದಿರುತ್ತದೆ ಎಂದು ತೋಟ ನೋಡಿಕೊಳ್ಳುವ ಬ್ಯಾರಿ ಕಾಕನಿಗೆ ವಿವರಿಸಿದೆ. ಮನುಷ್ಯರಿಗೆ ಇದು ಅಂಟುವುದಿಲ್ಲ, ಮೊಲಗಳಿಗೆ ಮಾತ್ರ ಎಂದೂ ಸೇರಿಸಿದೆ. ಅವರು ಆ ಉದ್ದದ ಪದವನ್ನು ಕತ್ತರಿಸಿ ‘ಶಕ್ತಿ’ ಎಂದಷ್ಟೇ ಇಟ್ಟುಕೊಂಡರು. ನನ್ನನ್ನು ಮೊಲದ ಡಾಕ್ಟ್ರು ಮಾಡಿದರು.

ಕಳೆದ ವರ್ಷ ಒಂದು ಶುಕ್ರವಾರ ಮಗಳನ್ನು ಕರೆದುಕೊಂಡು ಹೋದಾಗ ಕಾಕ ಗೇಟಿನಲ್ಲೇ ಹಿಡಿದರು.

“ಡಾಕ್ಟ್ರೇ, ನಿಮ್ಮ ಶಕ್ತಿ ವೆಕೇಶನ್‌ಗೆ ಹೋಗಿದೆಯಾ? ಈ ಸಲ ಮರಿಗಳೂ ಖಲಾಸ್ ಮಾರಾಯ್ರೆ.”

ಬಿಲದ ಬಾಯಲ್ಲಿ ದೊಡ್ಡವೂ ಮರಿಗಳೂ ಒಟ್ಟಿಗೆ ಬಿದ್ದಿದ್ದವು. ವೈರಸ್ಸು ರೂಪ ಬದಲಿಸಿರಬೇಕು, ಹಳೆಯ ಶಕ್ತಿಗೆ ಅದರ ಗುರುತು ಸಿಕ್ಕಿಲ್ಲ ಎಂದು ಹೊಸ ಪಾಠ ಶುರುಮಾಡಿದೆ. ಪಾಠದ ಮಧ್ಯೆ ತಿರುಗಿ ನೋಡಿದರೆ, ಬದುಕಿದ್ದ ಒಂದು ಮರಿಯನ್ನು ಮಗಳು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಾಳೆ. ಅವಳ ಮೂಗಿನಿಂದ ರಕ್ತ ತುಟಿಗೆ ಇಳಿಯುತ್ತಿದೆ.

ಕಲಿತ ಪ್ರಾಣಿಶಾಸ್ತ್ರವೆಲ್ಲ ಆ ಕ್ಷಣಕ್ಕೆ ನನ್ನನ್ನು ಬಿಟ್ಟು ಓಡಿತು. ಅವಳನ್ನೂ, ಅವಳು ಬಿಡಲೊಲ್ಲದ ಮರಿಯನ್ನೂ ಎತ್ತಿ ಕಾರಿಗೆ ಹಾಕಿದೆ. ದಾರಿಯಲ್ಲಿ ಯಾರು ಯಾರು ಹಾರನ್ ಹೊಡೆದರೋ ನೆನಪಿಲ್ಲ; ಕನ್ನಡಿಯಲ್ಲಿ ಕಂಡ ಆ ತುಟಿ ಮಾತ್ರ ಈಗಲೂ ಕಾಣುತ್ತದೆ. ಕ್ಲಿನಿಕ್ಕಿನ ಡಾಕ್ಟರ್ ಮೂಗಿಗೆ ಟಾರ್ಚ್ ಹಿಡಿದು, ಏಸಿಯ ಒಣಗಾಳಿಗೆ ಹೀಗಾಗುತ್ತದೆ ಎಂದರು. ನನಗೆ ಅನ್ನ ಹಾಕುವ ಏಸಿಯ ಮೇಲೆ ಮಾತ್ರ ನನಗೆ ಅನುಮಾನವೇ ಬಂದಿರಲಿಲ್ಲ.

ಹೊರಬರುವಾಗ ಮಗಳು ಕೇಳಿದಳು: “ಬಟ್ ಅಪ್ಪಾ, ಮೊಲಗಳಿಗೆ ಮಾತ್ರ ಅಂತ ನೀವೇ ಹೇಳಿದ್ದಲ್ವಾ?”

ಆ ಮರಿ ಈಗ ರೂವಿಯ ನಮ್ಮ ಮನೆಯಲ್ಲಿ, ಏಸಿಯ ಕೆಳಗೇ, ಚೆನ್ನಾಗಿ ಮೈಕೈ ತುಂಬಿಕೊಂಡಿದೆ. ಅದಕ್ಕೆ ಹೊಸ ರೋಗದ ಶಕ್ತಿ ಬಂದಿದೆಯೋ, ರೋಗವೇ ತಗುಲಿರಲಿಲ್ಲವೋ, ರಕ್ತಪರೀಕ್ಷೆಯಿಲ್ಲದೆ ಹೇಳಲಾಗದು. ಬ್ಯಾರಿ ಕಾಕ ಫೋನಿನಲ್ಲಿ ವಿಚಾರಿಸಿದಾಗಲೆಲ್ಲ ಇದನ್ನು ಗಂಭೀರವಾಗಿ ವಿವರಿಸುತ್ತೇನೆ. ಆಫೀಸಿನಿಂದ ಬಂದ ಕೂಡಲೇ ಮೊದಲು ಮೊಲದ ಮೂಗು ನೋಡುತ್ತೇನೆ, ಆಮೇಲೆ ಮಗಳದ್ದು. ಅಂಟುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು.